ಹನ್ನೆರಡನೆಯ ಕಾಲಂ

ಮೈಲೂರಿನಲ್ಲಿ ನಾವು ಹುಡುಗರಿದ್ದಾಗ ಬೇರಿಂಗ್ ಗಾಡಿಯೇ ನಮ್ಮ ಮೊದಲ ವಾಹನ. ಲಾರಿ ಗ್ಯಾರೇಜಿನವರು ಬಿಸಾಕಿದ ಮೂರು ಬೇರಿಂಗು, ಕೂರಲು ಒಂದು ಹಲಗೆ, ಮುಂದಿನ ಗಾಲಿ ಹೊರಳಿಸಲು ಅಡ್ಡಕ್ಕೊಂದು ಮರದ ತುಂಡು. ಇಷ್ಟೇ ಸಾಮಾನು. ಬೀದರಿನ ಕೆಂಪು ಮಣ್ಣಿನ ಮೇಲೆ ಅದು ಮೊಳದುದ್ದವೂ ಓಡುತ್ತಿರಲಿಲ್ಲ. ಹಾಗಾಗಿ ನಯವಾದ ನೆಲ ಎಲ್ಲೆಲ್ಲಿದೆ ಎಂಬ ಲೆಕ್ಕ ನಮಗೆ ಬಾಯಿಪಾಠವಾಗಿತ್ತು. ಯಾರ ಮನೆಯ ಮುಂದೆ ಶಹಾಬಾದ್ ಫರಸಿ ಹಾಸಿದೆ, ಯಾವ ಓಣಿಗೆ ಹೊಸದಾಗಿ ಸಿಸಿ ರಸ್ತೆ ಬಂದಿದೆ, ಯಾವ ಗುಡಿಯ ಅಂಗಳ ಮಧ್ಯಾಹ್ನ ಖಾಲಿ ಇರುತ್ತದೆ ಎಲ್ಲವೂ ಗೊತ್ತು. ಕಬ್ಬಿಣದ ಬೇರಿಂಗು ಫರಸಿಯ ಮೇಲೆ ಉರುಳಿದರೆ ಕಿವಿಗೆ ಗರಗಸ ಎಳೆದ ಹಾಗೆ. ನಿದ್ದೆ ಕೆಟ್ಟ ಯಾರೋ ಅಜ್ಜ ಬಾಗಿಲಿಗೆ ಬಂದು ಕೇಳುತ್ತಿದ್ದ: “ಇದೇನ್ ನಿಮ್ಮಪ್ಪನ ಜಾಗಾ ಏನ್ಲೇ?”

ಬಹಳ ವರ್ಷಗಳ ಮೇಲೆ ಬೀದರಿನದೇ ಒಂದು ಸೈಬರ್ ಕೆಫೆಯಲ್ಲಿ ಕೂತಿದ್ದಾಗ, ಬಾರ್ಸಿಲೋನಾದ ಒಂದು ಚೌಕವನ್ನು ಸ್ಕೇಟ್‌ಬೋರ್ಡಿನ ಮೇಲೆ ದಾಟುವ ಹುಡುಗನ ವಿಡಿಯೊ ಕಣ್ಣಿಗೆ ಬಿತ್ತು. ಅವನ ಸಾಹಸಕ್ಕಿಂತ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಸದ್ದು. ಹಾಸುಗಲ್ಲಿನ ಸಂದು ಬಂದಾಗೊಮ್ಮೆ ಟಕ್ ಟಕ್, ಕಲ್ಲು ಬದಲಾದಾಗ ಬದಲಾಗುವ ಗುಂಯ್‌ಗಾಟ, ಗಾಳಿಗೆ ಎದ್ದಾಗ ಕ್ಷಣಕಾಲ ಪೂರ್ತಿ ಮೌನ. ಆ ಸದ್ದು ನನಗೆ ಗೊತ್ತಿದ್ದದ್ದು. ಕೊನೆಗೆ ಒಬ್ಬ ಕಾವಲುಗಾರ ಬಂದು ಅವನನ್ನು ಓಡಿಸಿದ. ಅವರ ಭಾಷೆ ನನಗೆ ತಿಳಿಯಲಿಲ್ಲ, ಪ್ರಶ್ನೆ ಮಾತ್ರ ಚೆನ್ನಾಗಿ ತಿಳಿಯಿತು. ಆ ಪ್ರಶ್ನೆಗೆ ಯುರೋಪಿನ ನಗರಗಳು ಅರ್ಧ ಶತಮಾನ ಏನೇನು ಉತ್ತರ ಕೊಟ್ಟವು ಎಂಬುದನ್ನು ಅಂದಿನಿಂದ ಹುಡುಕುತ್ತ ಬಂದಿದ್ದೇನೆ.

ಆಟ ಹುಟ್ಟಿದ್ದು ಯುರೋಪಿನಲ್ಲಿ ಅಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯ ಹುಡುಗರೂ ನಮ್ಮ ಹಾಗೆಯೇ ಶುರುಮಾಡಿದವರು. ರೋಲರ್ ಸ್ಕೇಟನ್ನು ಬಿಚ್ಚಿ, ಅದರ ಕಬ್ಬಿಣದ ಗಾಲಿಗಳನ್ನು ಹಲಗೆಗೆ ಬಡಿದು, ಸಮುದ್ರದಲ್ಲಿ ಅಲೆ ಇಲ್ಲದ ದಿನ ರಸ್ತೆಯಲ್ಲಿ ಅಲೆಯ ಸುಖ ಹುಡುಕಿದರು. ಆಮೇಲೆ ಜೇಡಿಯಂಥ ಗಟ್ಟಿ ಮಿಶ್ರಣದ ಗಾಲಿ ಬಂತು. ಸಣ್ಣ ಹರಳು ಅಡ್ಡ ಸಿಕ್ಕರೂ ಅದು ಗಕ್ಕನೆ ನಿಲ್ಲುತ್ತಿತ್ತು, ಸವಾರ ಮಾತ್ರ ಮುಂದೆ ಹಾರಿ ಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ಥಿ ಎಂಬ ತರುಣ ಯುರೆಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಗಾಲಿಯನ್ನು ಹಲಗೆಗೆ ಹಾಕಿ ನೋಡಿದ. ಗಾಲಿ ನೆಲವನ್ನು ಹಿಡಿಯಿತು, ಹರಳನ್ನು ನುಂಗಿಕೊಂಡು ಮುಂದೆ ಹೋಯಿತು. ಕೆಲವೇ ವರ್ಷದಲ್ಲಿ ಗಾಲಿಯೊಳಗೆ ಮುಚ್ಚಿದ ಬೇರಿಂಗೂ ಬಂತು. ಇಂದಿಗೂ ಸ್ಕೇಟ್‌ಬೋರ್ಡಿಗೆ ಹಾಕುವುದು 608 ನಂಬರಿನ ಬೇರಿಂಗು, ಹೊರಗಿನ ಅಳತೆ 22 ಮಿಲಿಮೀಟರು. ಬೇರಿಂಗ್ ಅಂಗಡಿಯಲ್ಲಿ ಆ ನಂಬರು ಹೇಳಿದರೆ ಯಾವ ಪ್ರಶ್ನೆಯೂ ಇಲ್ಲದೆ ತೆಗೆದುಕೊಡುತ್ತಾರೆ, ಅನೇಕ ಸಣ್ಣ ಮೋಟಾರುಗಳಲ್ಲಿ ಕೂರುವುದೂ ಅದೇ.

ಗಾಲಿ ಸರಿಯಾದರೂ ಆಟ ನೆಲಕ್ಕೆ ಅಂಟಿಕೊಂಡೇ ಇತ್ತು. ಮೆಟ್ಟಿಲು ಬಂದರೆ ಇಳಿದು, ಬೋರ್ಡು ಕಂಕುಳಲ್ಲಿ ಇಟ್ಟುಕೊಂಡು ನಡೆಯಬೇಕು. 1970ರ ದಶಕದ ಕೊನೆಗೆ ಫ್ಲಾರಿಡಾದ ಅಲನ್ ಗೆಲ್‌ಫ್ಯಾಂಡ್ ಕಾಂಕ್ರೀಟು ಗುಂಡಿಯ ಇಳಿಜಾರಿನಲ್ಲಿ ಕೈ ಹಚ್ಚದೆ ಬೋರ್ಡಿನ ಸಮೇತ ಮೇಲೆ ಏಳುವುದನ್ನು ಕಂಡುಕೊಂಡ. ಅವನ ಅಡ್ಡಹೆಸರು ಓಲಿ, ಪಟ್ಟಿಗೂ ಅದೇ ಹೆಸರು ನಿಂತಿತು. 1980ರ ದಶಕದ ಆರಂಭದಲ್ಲಿ ರಾಡ್ನಿ ಮಲೆನ್ ಅದನ್ನು ಸಮತಟ್ಟಾದ ನೆಲದ ಮೇಲೆ ಮಾಡಿ ತೋರಿಸಿದ. ಹಿಂಗಾಲಿನಿಂದ ಬೋರ್ಡಿನ ಬಾಲವನ್ನು ನೆಲಕ್ಕೆ ಕುಟ್ಟಬೇಕು. ಮೂಗು ಮೇಲೇಳುತ್ತದೆ. ಅದೇ ಗಳಿಗೆಯಲ್ಲಿ ಮುಂಗಾಲನ್ನು ಉಸುಕುಕಾಗದದಂಥ ಮೇಲ್ಮೈಗೆ ಉಜ್ಜುತ್ತ ಮುಂದಕ್ಕೆ ಎಳೆದರೆ ಬಾಲವೂ ಏಳುತ್ತದೆ, ಬೋರ್ಡು ಪಾದಕ್ಕೆ ಅಂಟಿಸಿದಂತೆ ಗಾಳಿಯಲ್ಲಿ ಮಟ್ಟವಾಗಿ ನಿಲ್ಲುತ್ತದೆ. ಓದಿ ಕಲಿಯುವ ವಿದ್ಯೆ ಇದಲ್ಲ. ಕಲಿತವರು ತಿಂಗಳುಗಟ್ಟಲೆ ಮೊಳಕಾಲು ಒಡೆದುಕೊಂಡು ಕಲಿತವರು. ಆದರೆ ಇದೊಂದು ಬಂದ ಮೇಲೆ ಊರಿನ ಅರ್ಥವೇ ಬೇರೆಯಾಯಿತು. ಮೆಟ್ಟಿಲು ಹಾರುವ ಜಾಗವಾಯಿತು, ಕೈಹಿಡಿಕೆಯ ಕಂಬಿ ಜಾರುವ ದಾರಿಯಾಯಿತು. ಜನ ಕೂರುವ ಕಟ್ಟೆಯ ಅಂಚಿಗೆ ಮೇಣದಬತ್ತಿ ಉಜ್ಜಿದರೆ ಅದರ ಮೇಲೆ ಬೋರ್ಡಿನಡಿಯ ಲೋಹ ಸರ್ರನೆ ಸಾಗುತ್ತಿತ್ತು.

ಇದನ್ನು ಊರಿಂದೂರಿಗೆ ಒಯ್ದದ್ದು ವಿಡಿಯೊ. 1984ರಲ್ಲಿ ಸ್ಟೇಸಿ ಪೆರಾಲ್ಟಾ ತನ್ನ ಬೋನ್ಸ್ ಬ್ರಿಗೇಡ್ ತಂಡದ ಹುಡುಗರನ್ನು ಇಟ್ಟುಕೊಂಡು ಒಂದು ವಿಎಚ್‌ಎಸ್ ಕ್ಯಾಸೆಟ್ ತಂದ. ಬೋರ್ಡು ಮಾರುವ ಜಾಹೀರಾತಾಗಿ ಶುರುವಾದದ್ದು ಪಾಠಶಾಲೆಯೇ ಆಗಿಹೋಯಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತ, ಬಣ್ಣ ಮಾಸುತ್ತ, ಅದು ಅಟ್ಲಾಂಟಿಕ್ ದಾಟಿತು. 1991ರ ‘ವಿಡಿಯೊ ಡೇಸ್’ ತೆಗೆದ ತರುಣ ಸ್ಪೈಕ್ ಜೋನ್ಸ್ ಮುಂದೆ ಹಾಲಿವುಡ್‌ಗೆ ಹೋಗಿ ಆಸ್ಕರ್ ಗೆದ್ದ. ಅವನ ಸಿನಿಮಾಗಳನ್ನು ಮೆಚ್ಚುವವರು ಆ ಕ್ಯಾಸೆಟ್ಟನ್ನೂ ಒಮ್ಮೆ ನೋಡಬೇಕು. ಬೀದಿಯನ್ನು ಪ್ರೀತಿಯಿಂದ ನೋಡುವ ಕಣ್ಣು ಅಲ್ಲಿಯೇ ತಯಾರಾಗಿದೆ.

ಯುರೋಪು ಈ ಆಟವನ್ನು ಬರಮಾಡಿಕೊಂಡ ರೀತಿ ದೇಶಕ್ಕೊಂದು. ನಾರ್ವೆ 1978ರಲ್ಲಿ ಸ್ಕೇಟ್‌ಬೋರ್ಡನ್ನೇ ನಿಷೇಧಿಸಿತು. ಮಕ್ಕಳಿಗೆ ಅಪಾಯ ಎಂಬ ಕಾರಣಕ್ಕೆ ಮಾರುವಂತಿಲ್ಲ, ತರುವಂತಿಲ್ಲ, ಓಡಿಸುವಂತಿಲ್ಲ. ಹುಡುಗರು ಬೋರ್ಡುಗಳನ್ನು ಗಡಿಯಾಚೆಯಿಂದ ಬಚ್ಚಿಟ್ಟು ತಂದರು, ಪೊಲೀಸರ ಕಣ್ಣಿಗೆ ಬೀಳದಂತೆ ಕಾಡಿನೊಳಗೆ ಹಲಗೆಯ ರ‍್ಯಾಂಪು ಕಟ್ಟಿಕೊಂಡರು. ನಿಷೇಧ ತೆರವಾದದ್ದು 1989ರಲ್ಲಿ. ಹನ್ನೊಂದು ವರ್ಷ ಎಂದರೆ ಒಂದು ಬಾಲ್ಯ ಪೂರ್ತಿ. ಅದೇ ಕಾಲದಲ್ಲಿ ಪಶ್ಚಿಮ ಜರ್ಮನಿಯ ಮ್ಯೂನ್‌ಸ್ಟರ್ ಎಂಬ ಊರಿನಲ್ಲಿ ಟಿಟುಸ್ ಡಿಟ್‌ಮನ್ ಎಂಬ ಶಾಲಾ ಮೇಷ್ಟ್ರು ಇದನ್ನೇ ತನ್ನ ಹುಡುಗರಿಗೆ ಕಲಿಸಿ, 1982ರಿಂದ ಸ್ಪರ್ಧೆಯನ್ನೂ ನಡೆಸತೊಡಗಿದ. ಆ ಸ್ಪರ್ಧೆ ಬೆಳೆದು ಜಗತ್ತಿನ ದೊಡ್ಡ ಸ್ಕೇಟರುಗಳೆಲ್ಲ ಮ್ಯೂನ್‌ಸ್ಟರ್‌ಗೆ ಬರುವಂತಾಯಿತು. ಒಂದೇ ಹಲಗೆ, ನಾಲ್ಕೇ ಗಾಲಿ. ಒಂದು ದೇಶಕ್ಕೆ ಅಪರಾಧ, ಇನ್ನೊಂದು ಊರಿಗೆ ಹಬ್ಬ.

ಪ್ರಾಗ್ ನಗರದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವ್ಲತಾವಾ ನದಿಯ ದಂಡೆಯ ಮೇಲೆ ಲೆಟ್ನಾ ಎಂಬ ಗುಡ್ಡ. ಅದರ ನೆತ್ತಿಯಲ್ಲಿ 1955ರ ಮೇ 1ರಂದು ಸ್ಟಾಲಿನ್‌ನ ದೈತ್ಯ ಶಿಲ್ಪ ಅನಾವರಣವಾಯಿತು. ಮುಂದೆ ಸ್ಟಾಲಿನ್, ಹಿಂದೆ ಸಾಲಾಗಿ ನಿಂತ ಕಾರ್ಮಿಕರು, ರೈತರು, ಸೈನಿಕರು. ಶಿಲ್ಪಿ ಒಟಾಕರ್ ಶ್ವೆಟ್ಸ್ ಆ ದಿನ ನೋಡಲು ಉಳಿದಿರಲಿಲ್ಲ, ಅದಕ್ಕೆ ಮುಂಚೆಯೇ ಪ್ರಾಣ ಕಳೆದುಕೊಂಡಿದ್ದ. ಏಳು ವರ್ಷಕ್ಕೆ ಗಾಳಿ ತಿರುಗಿತು. ಮಾಸ್ಕೋವೇ ಸ್ಟಾಲಿನ್‌ನನ್ನು ಕೈಬಿಟ್ಟ ಮೇಲೆ, 1962ರಲ್ಲಿ ಸಿಡಿಮದ್ದು ಇಟ್ಟು ಶಿಲ್ಪವನ್ನು ಉರುಳಿಸಿದರು. ನಮ್ಮ ಬೀದರಿನವರಿಗೆ ಮದ್ದಿನ ಕಥೆ ಹೊಸದಲ್ಲ. 17ನೇ ಶತಮಾನದ ಕೊನೆಯಲ್ಲಿ ಮಹಮೂದ್ ಗವಾನನ ಮದರಸಾದೊಳಗೆ ಮದ್ದು ಸಿಡಿದು ಮುಂಭಾಗ ಕುಸಿದುಬಿತ್ತು, ಎರಡರಲ್ಲಿ ಒಂದು ಮಿನಾರು ಮಾತ್ರ ನಿಂತಿತು. ಅರ್ಧ ಉಳಿದ ಕಟ್ಟಡದ ಮುಂದೆ ದಿನನಿತ್ಯ ಓಡಾಡಿ ಬೆಳೆದವನಿಗೆ ಲೆಟ್ನಾದ ಚಿತ್ರ ನೋಡಿದರೆ ಎದೆ ತುಸು ಭಾರವಾಗುತ್ತದೆ. ಅಲ್ಲಿ ಶಿಲ್ಪ ಹೋಯಿತು, ಅಡಿಯ ಜಗಲಿ ಉಳಿಯಿತು. ವಿಶಾಲವಾದ ಕಲ್ಲುಹಾಸು, ಸುತ್ತ ಮಟ್ಟಸವಾದ ಕಟ್ಟೆಗಳು, ಯಾರಿಗೂ ಬೇಡವಾದ ಜಾಗ. 1989ರಲ್ಲಿ ಆಡಳಿತ ಬದಲಾದ ಮೇಲೆ ಶಿಲ್ಪವಿದ್ದ ಕಡೆ ಒಂದು ದೊಡ್ಡ ಲೋಲಕ ಬಂತು, ಅದರ ಕೆಳಗೆ ಸ್ಕೇಟರುಗಳು ಬಂದರು. ಜಾಗಕ್ಕೆ ಅವರಿಟ್ಟ ಹೆಸರು ‘ಸ್ಟಾಲಿನ್’. ಸರ್ವಾಧಿಕಾರಿಯ ಹೆಸರನ್ನು ಮೂವತ್ತು ವರ್ಷದಿಂದ ಆಟದ ಹೆಸರಾಗಿ ಬಳಸುತ್ತಿರುವ ಆ ಮಕ್ಕಳು ಚರಿತ್ರೆಗೆ ಒಂದು ದೊಡ್ಡ ಉಪಕಾರ ಮಾಡಿದ್ದಾರೆಂದು ನಾನು ತಿಳಿದಿದ್ದೇನೆ.

ಬಾರ್ಸಿಲೋನಾದ ನೆಲ ಸಿದ್ಧವಾದದ್ದು ಬೇರೆ ಕಾರಣಕ್ಕೆ. ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ ಮುಗಿದ ಮೇಲೆ ಆಯ್ಕೆಯಾಗಿ ಬಂದ ನಗರಸಭೆ, ಒತ್ತೊತ್ತಾದ ಊರಿನೊಳಗೆ ಜನ ಕೂರಲು, ನಿಲ್ಲಲು, ಸೇರಲು ಚೌಕಗಳನ್ನು ಬಿಡಿಸತೊಡಗಿತು. 1983ರಲ್ಲಿ ಸಾಂಟ್ಸ್ ರೈಲು ನಿಲ್ದಾಣದ ಮುಂದೆ ಮರವಿಲ್ಲದ, ಗಟ್ಟಿ ಹಾಸಿನ ಒಂದು ಚೌಕ ಬಂದಾಗ ಜನ ಮೂಗು ಮುರಿದರು. 1992ರ ಒಲಿಂಪಿಕ್ಸ್‌ಗಾಗಿ ಇನ್ನಷ್ಟು ಊರು ಹೊಸದಾಯಿತು. 1995ರಲ್ಲಿ ಹಳೆಯ ರಾವಲ್ ಓಣಿಗಳ ನಡುವೆ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ಕಟ್ಟಿದ ಬೆಳ್ಳನೆಯ ಸಮಕಾಲೀನ ಕಲಾ ಸಂಗ್ರಹಾಲಯ ತೆರೆಯಿತು. ಮಾಕ್ಬಾ ಎಂದೇ ಜಗತ್ತಿಗೆ ಗೊತ್ತು. ಕಲೆ ನೋಡಲು ಬರುವವರಿಗಾಗಿ ಅದರ ಮುಂದೆ ಮಾಡಿದ ನಯವಾದ ಚೌಕ, ಉದ್ದುದ್ದ ಕಟ್ಟೆ, ಕಡಿಮೆ ಎತ್ತರದ ಮೆಟ್ಟಿಲುಗಳು ಸ್ಕೇಟರನಿಗೆ ಹೇಳಿಮಾಡಿಸಿದ ಹಾಗಿದ್ದವು. ಚಳಿಗಾಲದಲ್ಲೂ ಅಲ್ಲಿ ಹಿಮವಿಲ್ಲ, ಬಿಸಿಲಿದೆ. 2000ದ ಹೊತ್ತಿಗೆ ಅಮೆರಿಕದ ತಂಡಗಳೇ ಸಾಮಾನು ಕಟ್ಟಿಕೊಂಡು ಅಲ್ಲಿಗೆ ಬರತೊಡಗಿದವು. ಆಟ ಹುಟ್ಟಿಸಿದವರು ಯುರೋಪಿನ ನೆಲ ಹುಡುಕಿಕೊಂಡು ಬಂದ ಕಾಲ ಅದು.

ಒಂದು ಊರಿನ ನೆಲ ಇನ್ನೊಂದು ಊರಿನ ಹುಡುಗನ ಕನಸಾಗುವುದಕ್ಕೆ ಒಂದು ಯಂತ್ರವೂ ಕಾರಣ. 1995ರಲ್ಲಿ ಸೋನಿ ಕಂಪನಿ ವಿಎಕ್ಸ್ 1000 ಎಂಬ ಡಿಜಿಟಲ್ ಕ್ಯಾಮೆರಾ ತಂದಿತು. ಅದರಂಥವನ್ನು ಕರ್ನಾಟಕದ ಮದುವೆ ಮನೆಗಳಲ್ಲಿ ಹೆಗಲ ಮೇಲೆ ಹೊತ್ತವರು ಎಷ್ಟೋ ಜನ, ಬೆರಳಷ್ಟು ದಪ್ಪದ ಮಿನಿ ಡಿವಿ ಕ್ಯಾಸೆಟ್ಟಿನ ನೆನಪು ಅವರಿಗೆ ಇನ್ನೂ ಇದೆ. ಸ್ಕೇಟರುಗಳು ಅದನ್ನು ಹೆಗಲ ಮೇಲಿಡಲಿಲ್ಲ. ಮೇಲಿನ ಹಿಡಿಕೆ ಹಿಡಿದು, ನೆಲಕ್ಕೆ ಒಂದು ಗೇಣು ಬಿಟ್ಟು, ಮುಂದೆ ಮೀನುಗಣ್ಣಿನ ಲೆನ್ಸು ಹಾಕಿ, ತಾವೂ ಬೋರ್ಡಿನ ಮೇಲೆಯೇ ನಿಂತು ಹಿಂಬಾಲಿಸಿದರು. ಆ ಲೆನ್ಸು ಹತ್ತಿರದ ಕಾಲನ್ನು ದೊಡ್ಡದು ಮಾಡಿ, ಸುತ್ತಲ ಕಟ್ಟಡಗಳನ್ನು ಬಾಗಿಸಿ, ಇಡೀ ಚೌಕವನ್ನು ಒಂದು ಬಟ್ಟಲಿನಲ್ಲಿ ಹಿಡಿದಂತೆ ತೋರಿಸುತ್ತಿತ್ತು. ಕ್ಯಾಮೆರಾದ ಮೈಕು ಸದ್ದು ಹಿಡಿಯುವುದರಲ್ಲಿ ಬಹಳ ಜಾಣ. ನಾನು ಬೀದರಿನಲ್ಲಿ ಕೂತು ಕೇಳಿದ ಟಕಟಕ ಆ ಮೈಕಿನದು.

ಯುರೋಪಿನ ಕಣ್ಣು ಎಂದು ಕರೆಯಬೇಕಾದವನು ಫ್ರಾನ್ಸಿನ ಲ್ಯೋನ್ ಸೀಮೆಯ ಫ್ರೆಡ್ ಮೊರ್ತಾಞ್. ಆ ಊರಿನಲ್ಲೇ ಜೆರೆಮಿ ದಾಕ್ಲಿನ್ 1997ರಲ್ಲಿ ಕ್ಲಿಷೆ ಎಂಬ ಬೋರ್ಡ್ ಕಂಪನಿ ಶುರುಮಾಡಿದ್ದ. ಯುರೋಪಿನ ಹುಡುಗರು ಅಮೆರಿಕಕ್ಕೆ ವಲಸೆ ಹೋಗದೆ ತಮ್ಮ ಬೀದಿಯಲ್ಲೇ ಹೆಸರು ಮಾಡಬಹುದು ಎಂಬುದು ಅದರ ಹಠ. ಮೊರ್ತಾಞ್ 2000ದಲ್ಲಿ ‘ಮೆನಿಕ್ಮಾತಿ’, 2002ರಲ್ಲಿ ‘ಸಾರಿ’ ತೆಗೆದ. ‘ಸಾರಿ’ಯಲ್ಲಿ ಒಂದು ದೃಶ್ಯವಿದೆ. ಲ್ಯೋನಿನಲ್ಲಿ ಇಪ್ಪತ್ತೈದು ಮೆಟ್ಟಿಲುಗಳ ಒಂದು ಸೋಪಾನ, ಅದರ ತುದಿಯಿಂದ ಸ್ವೀಡನ್ನಿನ ಅಲಿ ಬೂಲಾಲಾ ಹಾರುತ್ತಾನೆ. ಬೀಳುತ್ತಾನೆ. ಮತ್ತೆ ಹತ್ತಿ ಹೋಗಿ ಹಾರುತ್ತಾನೆ, ಮತ್ತೆ ಬೀಳುತ್ತಾನೆ. ಬೋರ್ಡಿನ ಮೇಲೆ ನಿಂತು ಉರುಳಿಕೊಂಡು ಹೋಗುವುದು ಅವನಿಗೆ ದಕ್ಕಲೇ ಇಲ್ಲ. ಸೋತದ್ದನ್ನು ವಿಡಿಯೊದಲ್ಲಿ ಹಾಕಬೇಕಾದ ಅಗತ್ಯ ಯಾರಿಗೂ ಇರಲಿಲ್ಲ, ಆದರೂ ಹಾಕಿದರು. ಹಾಗಾಗಿ ಆ ಮೆಟ್ಟಿಲಿಗೆ ಒಂದು ಚರಿತ್ರೆ ಬಂತು. ಹದಿಮೂರು ವರ್ಷದ ಮೇಲೆ, 2015ರಲ್ಲಿ, ಅಮೆರಿಕದ ಆರನ್ ಹೊಮೋಕಿ ಅದೇ ಮೆಟ್ಟಿಲಿಗೆ ಬಂದ. ಮೊದಲ ಸಲ ಮೊಳಕಾಲಿನ ಅಸ್ಥಿರಜ್ಜು ಹರಿದುಕೊಂಡು ವಾಪಸಾದವನು ಗುಣವಾದ ಮೇಲೆ ಮತ್ತೆ ಬಂದು ಹಾರಿ ನಿಂತ. ಆ ದಿನ ಅಲ್ಲಿ ನೋಡುತ್ತ ನಿಂತವರಲ್ಲಿ ಬೂಲಾಲಾನೂ ಇದ್ದ. ಈ ಎರಡು ವಿಡಿಯೊಗಳನ್ನು ನಾನು ಒಂದರ ಹಿಂದೆ ಒಂದು ನೋಡುತ್ತೇನೆ. ಎರಡನೆಯದರಲ್ಲಿ ಬೂಲಾಲಾನ ಮುಖ ಕಾಣುವಾಗ ಪ್ರತಿ ಸಲವೂ ಕಣ್ಣು ತುಂಬುತ್ತದೆ.

ಒಂದು ಮೆಟ್ಟಿಲಿನ ಚರಿತ್ರೆ ಹೀಗೆ ದಾಖಲಾಗುವುದನ್ನು ಕಂಡಾಗ ನಮ್ಮ ಜಮೀನಿನ ಪಹಣಿಯನ್ನು ನೆನೆಯಬೇಕು. ಹೊಲಮನೆ ಇದ್ದವರಿಗೆಲ್ಲ ಗೊತ್ತು, ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರು. ನೆಲ ಯಾರದು ಎಂಬುದು ಒಂದು ಮಾತು, ಆ ನೆಲದಲ್ಲಿ ಬೆವರು ಸುರಿಸುವವರು ಯಾರು ಎಂಬುದು ಇನ್ನೊಂದು. 1974ರಲ್ಲಿ ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಬಂದಾಗ, ತಾವು ಉಳುತ್ತಿದ್ದೆವು ಎಂದು ತೋರಿಸಲು ಗೇಣಿದಾರರು ಹಿಡಿದು ನಿಂತ ಕಾಗದಗಳಲ್ಲಿ ಆ ಕಾಲಂನ ಉತಾರವೂ ಒಂದು. ನಗರದ ಚೌಕಕ್ಕೆ ಅಂಥ ಕಾಲಂ ಇಲ್ಲ. ಅಲ್ಲಿ ಇರುವುದು ಒಂಬತ್ತನೆಯದು ಮಾತ್ರ: ನಗರಸಭೆ, ರೈಲ್ವೆ, ಸಂಗ್ರಹಾಲಯ, ಬ್ಯಾಂಕು. ದಿನಕ್ಕೆ ಆರು ತಾಸಿನಂತೆ ಇಪ್ಪತ್ತು ವರ್ಷ ಆ ನೆಲವನ್ನು ಬಳಸಿದ ಹುಡುಗರ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಸ್ಕೇಟ್ ವಿಡಿಯೊಗಳೇ ಆ ಕಾಲಂ. ಯಾವ ಕಟ್ಟೆಯ ಮೇಲೆ ಯಾರು, ಯಾವ ವರ್ಷ, ಏನು ಮಾಡಿದರು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟ ಬೇರೆ ಯಾವ ದಾಖಲೆಯೂ ನಗರಗಳ ಬಳಿ ಇಲ್ಲ.

ಒಂಬತ್ತನೆಯ ಕಾಲಂನವರು ಸುಮ್ಮನೆ ಕೂರಲಿಲ್ಲ. ಕಟ್ಟೆಯ ಅಂಚುಗಳಿಗೆ ಗೇಣಿಗೊಂದರಂತೆ ಕಬ್ಬಿಣದ ಗುಬ್ಬಿ ಬಡಿದರು. ನಮ್ಮ ಅಂಗಡಿ ಕಟ್ಟೆಗಳ ಮೇಲೆ ಯಾರೂ ಕೂರದಿರಲಿ ಎಂದು ಚೂಪು ಕಂಬಿ ನೆಡುವುದನ್ನು ನೋಡಿದವರಿಗೆ ಇದು ಹೊಸದಾಗಿ ಕಾಣದು. ಬಾರ್ಸಿಲೋನಾ 2006ರಲ್ಲಿ ಸಾರ್ವಜನಿಕ ಜಾಗದ ನಡವಳಿಕೆಗೆ ಹೊಸ ಕಟ್ಟಳೆ ತಂದು ದಂಡ ಹಾಕತೊಡಗಿತು. ಸದ್ದಿನ ತಕರಾರು ಸುಳ್ಳಲ್ಲ. ಕಿಟಕಿಯ ಕೆಳಗೆ ರಾತ್ರಿ ಹತ್ತರ ತನಕ ಹಲಗೆ ಕಲ್ಲಿಗೆ ಬಡಿಯುತ್ತಿದ್ದರೆ ನಿದ್ದೆ ಬರುವುದಿಲ್ಲ, ಒಡೆದ ಅಂಚನ್ನು ಸರಿಪಡಿಸಲು ದುಡ್ಡೂ ಬೇಕು. ಮೈಲೂರಿನ ಆ ಅಜ್ಜನ ಸಿಟ್ಟು ನ್ಯಾಯದ್ದೇ ಆಗಿತ್ತು ಎಂದು ಈಗ ನನಗೆ ತಿಳಿಯುತ್ತದೆ. ಆದರೆ ಅವನು ನಮ್ಮನ್ನು ಬೈದು ಒಳಗೆ ಹೋಗುತ್ತಿದ್ದ, ಫರಸಿಗೆ ಮೊಳೆ ಬಡಿಯಲಿಲ್ಲ.

ಸ್ವೀಡನ್ನಿನ ಮಾಲ್ಮೋ ಬೇರೆ ದಾರಿ ಹಿಡಿಯಿತು. ಅದು ಹಡಗು ಕಟ್ಟುತ್ತಿದ್ದ ಊರು. ಆ ಉದ್ಯಮ ಮುಳುಗಿ, ಊರಿನ ಗುರುತಾಗಿದ್ದ ಕೊಕುಮ್ಸ್ ಕಂಪನಿಯ ದೈತ್ಯ ಕ್ರೇನನ್ನು ಒಂದು ಡಾಲರಿಗೆ ಕೊರಿಯಾದವರು ಕೊಂಡು 2002ರಲ್ಲಿ ಬಿಚ್ಚಿ ಒಯ್ದರು. ಊರಿನ ಜನ ದಡದಲ್ಲಿ ನಿಂತು ಅದು ಹೋಗುವುದನ್ನು ನೋಡಿದರು. ಖಾಲಿ ಬಿದ್ದ ಇಂಥ ಕೈಗಾರಿಕಾ ಜಾಗಗಳಲ್ಲಿ ಹುಡುಗರು ಸ್ವಂತ ದುಡ್ಡಿನಲ್ಲಿ ಸಿಮೆಂಟು ತಂದು, ಇಟ್ಟಿಗೆ ಚೂರು ತುಂಬಿ, ತಮಗೆ ಬೇಕಾದ ಇಳಿಜಾರು ತಾವೇ ಕಟ್ಟಿಕೊಂಡರು. ಅವರಲ್ಲೊಬ್ಬ ಪೊಂಟಸ್ ಆಲ್ವ್. 2005ರಲ್ಲಿ ಅವನು ತಂದ ‘ದಿ ಸ್ಟ್ರಾಂಗೆಸ್ಟ್ ಆಫ್ ದಿ ಸ್ಟ್ರೇಂಜ್’ನಲ್ಲಿ ಆಟದಷ್ಟೇ ಗೌರವ ಗೌಂಡಿ ಕೆಲಸಕ್ಕೂ ಇದೆ. ಕಟ್ಟುವುದು, ಬುಲ್ಡೋಜರು ಬರುವುದು, ಮತ್ತೆ ಕಟ್ಟುವುದು. ನಗರಸಭೆ ಇವರನ್ನು ಓಡಿಸುವ ಬದಲು ಕರೆದು ಕೂರಿಸಿಕೊಂಡಿತು. 2006ರಲ್ಲಿ, ಹಡಗುಗಳನ್ನು ನೀರಿಗೆ ಇಳಿಸುತ್ತಿದ್ದ ಹಳೆಯ ಜಾಗದಲ್ಲೇ ಸ್ಟಾಪೆಲ್‌ಬೆಡ್ಸ್‌ಪಾರ್ಕೆನ್ ಎಂಬ ಕಾಂಕ್ರೀಟು ಬಯಲು ತೆರೆಯಿತು. ಹಳೆಯ ಬಿಯರ್ ಕಾರ್ಖಾನೆಯಲ್ಲಿ ಹುಡುಗರು ನಡೆಸುತ್ತಿದ್ದ ಬ್ರಿಗ್ಗೆರಿಯೆಟ್ ಒಳಾಂಗಣದ ಜೊತೆಗೆ ಒಂದು ಪ್ರೌಢಶಾಲೆಯೇ ಸೇರಿಕೊಂಡಿತು. ಗಣಿತ, ಭಾಷೆಯ ಜೊತೆ ಸ್ಕೇಟಿಂಗೂ ಅಲ್ಲಿ ಪಾಠ.

ಪಹಣಿಯ ಮಾತು ನಿಜವಾಗಿಯೂ ಕೋರ್ಟು ಹತ್ತಿದ್ದು ಲಂಡನ್ನಿನಲ್ಲಿ. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1967ರಲ್ಲಿ ಕ್ವೀನ್ ಎಲಿಜಬೆತ್ ಹಾಲ್ ಎಂಬ ಸಂಗೀತ ಸಭಾಂಗಣ ತೆರೆಯಿತು. ಬರಿಯ ಕಾಂಕ್ರೀಟಿನ ಬೃಹತ್ ಕಟ್ಟಡ. ಅದನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದರಿಂದ ಕೆಳಗೆ ಒಂದು ಅರೆಗತ್ತಲ ಅಂಗಳ ಉಳಿಯಿತು. ಇಳಿಜಾರಾದ ಬದಿಗಳು, ಅಣಬೆಯಂಥ ಕಂಬಗಳು, ತಲೆಯ ಮೇಲೆ ಸೂರು. ವಾಸ್ತುಶಿಲ್ಪಿಗಳು ಅದಕ್ಕೆ ಯಾವ ಉಪಯೋಗವನ್ನೂ ಬರೆದಿಟ್ಟಿರಲಿಲ್ಲ. 1973ರಲ್ಲಿ ಸ್ಕೇಟರುಗಳು ಬಂದರು, ಅಲ್ಲಿಂದ ಬಿಟ್ಟುಹೋಗಲಿಲ್ಲ. ಮಳೆ ಹೆಚ್ಚಿರುವ ಊರಿನಲ್ಲಿ ಸೂರಿರುವ ಜಾಗ ಎಂದರೆ ಬಂಗಾರ. 2000ದಲ್ಲಿ ಬಂದ ಬ್ಲೂಪ್ರಿಂಟ್ ಕಂಪನಿಯ ‘ವೇಟಿಂಗ್ ಫಾರ್ ದಿ ವರ್ಲ್ಡ್’ ನೋಡಿದರೆ ಆ ಒದ್ದೆ, ಬೂದು ಬಣ್ಣದ, ಒರಟು ಹಾಸಿನ ಇಂಗ್ಲೆಂಡು ಹೇಗಿತ್ತೆಂಬುದು ಗೊತ್ತಾಗುತ್ತದೆ.

2013ರ ಮಾರ್ಚಿನಲ್ಲಿ, ಈ ಸಭಾಂಗಣವನ್ನು ನಡೆಸುವ ಸೌತ್‌ಬ್ಯಾಂಕ್ ಸೆಂಟರ್ ತನ್ನ ಕಟ್ಟಡಗಳ ಜೀರ್ಣೋದ್ಧಾರದ ಯೋಜನೆ ಪ್ರಕಟಿಸಿತು. ದುಡ್ಡು ಹುಟ್ಟಿಸಲು ಕೆಳಗಿನ ಅಂಗಳದಲ್ಲಿ ಅಂಗಡಿ, ಹೋಟೆಲು. ಸ್ಕೇಟರುಗಳಿಗೆ ನದಿದಡದಲ್ಲೇ ಸ್ವಲ್ಪ ದೂರ, ಸೇತುವೆಯೊಂದರ ಕೆಳಗೆ ಹೊಸ ಜಾಗ ಕಟ್ಟಿಕೊಡುವ ಭರವಸೆಯೂ ಇತ್ತು. ಯೋಜನೆ ಮಾಡಿದವರು ಕೆಟ್ಟವರಲ್ಲ, ಕಲೆಗಾಗಿಯೇ ದುಡ್ಡು ಹುಡುಕುತ್ತಿದ್ದವರು. ಆದರೆ ನಲವತ್ತು ವರ್ಷದ ನೆಲ ಹೊಸ ನೆಲದಿಂದ ತುಂಬುವಂಥದಲ್ಲ ಎಂಬುದು ಅವರಿಗೆ ತೋಚಲಿಲ್ಲ. ‘ಲಾಂಗ್ ಲಿವ್ ಸೌತ್‌ಬ್ಯಾಂಕ್’ ಎಂಬ ಹೆಸರಿನಲ್ಲಿ ಹುಡುಗರು ಅಂಗಳದ ಮುಂದೆ ಒಂದು ಮೇಜು ಹಾಕಿಕೊಂಡು ಕೂತರು. ದಾರಿಹೋಕರನ್ನು ನಿಲ್ಲಿಸಿ, ವಿಷಯ ಹೇಳಿ, ಆಕ್ಷೇಪಣೆಯ ಕಾಗದಕ್ಕೆ ಸಹಿ ಹಾಕಿಸಿದರು. ನಗರ ಯೋಜನಾ ಕಚೇರಿಗೆ ಬಂದ ಆಕ್ಷೇಪಣೆಗಳು 27,000 ದಾಟಿದವು. ಇಷ್ಟರಲ್ಲಿ ಅವರ ವಕೀಲರಿಗೆ ಒಂದು ಹಳೆಯ ಕಾನೂನಿನ ದಾರಿ ಹೊಳೆಯಿತು. ಇಂಗ್ಲೆಂಡಿನಲ್ಲಿ ಒಂದು ಜಾಗವನ್ನು ಊರವರು ಯಾರ ಅಪ್ಪಣೆಯೂ ಇಲ್ಲದೆ, ಕದ್ದುಮುಚ್ಚದೆ, ಇಪ್ಪತ್ತು ವರ್ಷ ಆಟಪಾಟಕ್ಕೆ ಬಳಸುತ್ತ ಬಂದಿದ್ದರೆ ಅದನ್ನು ‘ಊರ ಹಸಿರು’ ಎಂದು ನೋಂದಾಯಿಸಿ ಎಂದು ಕೇಳುವ ಹಕ್ಕಿದೆ. ಹಳ್ಳಿಯ ಹುಲ್ಲುಗಾವಲಿಗಾಗಿ ಇರುವ ಕಟ್ಟಳೆ, ನಮ್ಮ ಗೋಮಾಳದ ದಾಯಾದಿ. ಅದನ್ನು ಒಂದು ಹುಲ್ಲುಕಡ್ಡಿಯೂ ಇಲ್ಲದ ಕಾಂಕ್ರೀಟು ನೆಲಕ್ಕೆ ಅನ್ವಯಿಸಿ ಎಂದು ಅರ್ಜಿ ಹಾಕಿದರು. ಇಪ್ಪತ್ತು ವರ್ಷ ಬಳಸಿದ್ದಕ್ಕೆ ಸಾಕ್ಷಿ ಏನು? ಆ ನೆಲದ ಮೇಲೆ ತೆಗೆದ ಚಿತ್ರಗಳ, ವಿಡಿಯೊಗಳ ರಾಶಿ ಹುಡುಗರ ಬಳಿಯೇ ಇತ್ತು.

ವ್ಯಾಜ್ಯ ತೀರ್ಪಿನ ತನಕ ಹೋಗಲಿಲ್ಲ. 2014ರ ಆರಂಭದಲ್ಲಿ ಲಂಡನ್ನಿನ ಮೇಯರೇ ಸ್ಕೇಟರುಗಳ ಪರ ಮಾತಾಡಿದ. ಸೆಪ್ಟೆಂಬರಿನಲ್ಲಿ ಸೆಂಟರಿನವರೂ ಸ್ಕೇಟರುಗಳೂ ಲ್ಯಾಂಬೆತ್ ಸ್ಥಳೀಯ ಸಂಸ್ಥೆಯ ಎದುರು ಒಪ್ಪಂದಕ್ಕೆ ಬಂದರು. ದಾವೆಗಳು ಹಿಂದಕ್ಕೆ ಹೋದವು, ಅಂಗಳ ಸ್ಕೇಟರುಗಳಿಗೆ ಉಳಿಯಿತು. ಎದುರು ಬದುರು ನಿಂತಿದ್ದವರು ಮುಂದೆ ಜೊತೆಯಾಗಿ ಚಂದಾ ಎತ್ತಿ, ಬಹುಕಾಲ ಹಲಗೆ ಹೊಡೆದು ಮುಚ್ಚಿದ್ದ ಒಂದು ಭಾಗವನ್ನೂ ಹಳೆಯ ರೂಪಕ್ಕೆ ತಂದು 2019ರ ಜುಲೈನಲ್ಲಿ ತೆರೆದರು. ಅದೇ 2014ರಲ್ಲಿ ಲಂಡನ್ನಿನ ಅಂಚಿನ ಹಾರ್ನ್‌ಚರ್ಚ್‌ನಲ್ಲಿ 1978ರಲ್ಲಿ ಕಟ್ಟಿದ ರೋಮ್ ಸ್ಕೇಟ್‌ಪಾರ್ಕನ್ನು ಸರ್ಕಾರ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು, ಯುರೋಪಿನಲ್ಲಿ ಇದೇ ಮೊದಲು. ಬೀದರಿನ ಕೋಟೆಯ ಬಾಗಿಲಲ್ಲಿ ಪುರಾತತ್ತ್ವ ಇಲಾಖೆಯ ನೀಲಿ ಹಲಗೆ ನೋಡುತ್ತ ಬೆಳೆದ ನನಗೆ, ಮಕ್ಕಳು ಬೋರ್ಡು ಓಡಿಸಿದ ಗುಂಡಿಗೂ ಅಂಥ ಮರ್ಯಾದೆ ಸಿಕ್ಕಿತೆಂಬುದನ್ನು ಓದಿ ಆನಂದವಾಯಿತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಸೇರಿತು. 2024ರಲ್ಲಿ ಪ್ಯಾರಿಸ್ ತನ್ನ ಕಾಂಕಾರ್ಡ್ ಚೌಕವನ್ನೇ, ಒಂದು ಕಾಲಕ್ಕೆ ರಾಜನ ತಲೆ ಕಡಿದ ಜಾಗವನ್ನೇ, ಈ ಆಟಕ್ಕೆ ಬಿಟ್ಟುಕೊಟ್ಟಿತು.

ಅದಕ್ಕಿಂತ ನನಗೆ ಹತ್ತಿರವಾದದ್ದು 2013ರಲ್ಲಿ, ಸೌತ್‌ಬ್ಯಾಂಕಿನಲ್ಲಿ ಸಹಿ ಸಂಗ್ರಹ ನಡೆಯುತ್ತಿದ್ದ ಅದೇ ವರ್ಷ, ನಮ್ಮ ಬೆಂಗಳೂರಿನಲ್ಲಿ ಆದದ್ದು. ಹೋಲಿಸ್ಟೋಕ್ಡ್ ಎಂಬ ಹೆಸರಿನಲ್ಲಿ ಅಲ್ಲಿ ಕೆಲವು ತರುಣರು ಒಂದು ಗುಂಪು ಕಟ್ಟಿಕೊಂಡಿದ್ದರು. ವಿಡಿಯೊ ನೋಡಿ ನೋಡಿ ಕಲಿತವರು, ಒಂದು ಬೋರ್ಡನ್ನು ನಾಲ್ಕು ಜನ ಹಂಚಿಕೊಂಡು ಆಡಿದವರು. ಅವರ ಕನಸಿಗೆ ಲೀವೈಸ್ ಕಂಪನಿ ದುಡ್ಡು ಕೊಟ್ಟಿತು. ಜರ್ಮನಿಯ ಹ್ಯಾನೋವರ್‌ನಲ್ಲಿ ಮಾಲ್ಮೋದ ಹಾಗೆಯೇ ತಮ್ಮ ನೆಲ ತಾವೇ ಕಟ್ಟಿಕೊಂಡಿದ್ದ ಗುಂಪೊಂದರ ಸ್ಕೇಟರುಗಳು ಬಂದು ಕೈಜೋಡಿಸಿದರು. ದೇಶದೇಶಗಳಿಂದ ಬಂದವರು, ಬೆಂಗಳೂರಿನ ಹುಡುಗರು ಒಟ್ಟಾಗಿ ಮಾಲು ಕಲಸಿ, ಯಾರು ಬೇಕಾದರೂ ದುಡ್ಡು ಕೊಡದೆ ಆಡಬಹುದಾದ ಒಂದು ಸ್ಕೇಟ್‌ಪಾರ್ಕನ್ನು ಕೆಲವೇ ವಾರದಲ್ಲಿ ಎಬ್ಬಿಸಿದರು.

ಇದು ಸಾಮಾನ್ಯ ಗಿಲಾವು ಕೆಲಸವಲ್ಲ. ಗೋಡೆ ನೆಲಕ್ಕೆ ಸೇರುವ ಕಡೆ ಮೂಲೆ ಇರಬಾರದು, ಬಟ್ಟಲಿನ ಒಳಮೈಯಂತೆ ಬಾಗಿ ಏಳಬೇಕು. ಮೊದಲು ಪ್ಲೈವುಡ್ಡಿನಲ್ಲಿ ಆ ಬಾಗನ್ನು ಕೊರೆದು ಎರಡು ತುದಿಗೆ ನಿಲ್ಲಿಸಬೇಕು. ಕಬ್ಬಿಣದ ಜಾಲ ಕಟ್ಟಿ, ಜಾರಿ ಬೀಳದಷ್ಟು ಗಟ್ಟಿ ಮಾಲು ಒತ್ತಿ, ಉದ್ದನೆಯ ಪಟ್ಟಿಯಿಂದ ಎಳೆದು ಮಟ್ಟ ಮಾಡಬೇಕು. ಆಮೇಲೆ ಕಾಯಬೇಕು. ಮೊದಲೇ ಕರಣೆ ಹಾಕಿದರೆ ಮೈ ಕುಸಿಯುತ್ತದೆ, ತಡವಾದರೆ ಕಲ್ಲಾಗಿ ಕೂರುತ್ತದೆ. ನಮ್ಮ ಬಿಸಿಲಿನಲ್ಲಿ ಆ ನಡುವಿನ ಹೊತ್ತು ಬಹಳ ಕಡಿಮೆ. ಅದು ಬೆರಳಿನಿಂದ ಒತ್ತಿ ನೋಡಿಯೇ ತಿಳಿಯುವ ವಿದ್ಯೆ, ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ಬೆಂಗಳೂರಿನ ಹುಡುಗರು ಅದನ್ನು ಆ ವಾರಗಳಲ್ಲಿ ಕೈಯಿಂದ ಕಲಿತರು, ಮುಂದೆ ಬೇರೆ ಊರುಗಳಿಗೆ ಹೋಗಿಯೂ ಕಟ್ಟಿದರು.

ಹಾಗೆ ಅವರ ಕೈ ಹತ್ತಿದ ಜಾಗಗಳಲ್ಲಿ ಒಂದು ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ ಎಂಬ ಹಳ್ಳಿ. ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಹೆಣ್ಣುಮಗಳ ಪ್ರಯತ್ನದಿಂದ 2015ರಲ್ಲಿ ಅಲ್ಲಿ ಬಯಲಿನ ನಡುವೆ ಕಾಂಕ್ರೀಟು ಪಾರ್ಕು ಬಂತು. ಆದಿವಾಸಿ ಮಕ್ಕಳೂ ಯಾದವರ ಮಕ್ಕಳೂ ಒಂದೇ ನೆಲದಲ್ಲಿ ಆಡತೊಡಗಿದರು. ಅಲ್ಲಿಯ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ ಬಂದಳು. ಪಾರ್ಕಿಗೆ ಇರುವ ನಿಯಮ ಎರಡೇ. ಶಾಲೆಗೆ ಹೋಗದ ದಿನ ಬೋರ್ಡಿಲ್ಲ. ಹುಡುಗಿಯೊಬ್ಬಳು ಬಂದು ಕೇಳಿದರೆ, ಆಡುತ್ತಿರುವ ಹುಡುಗ ಬೋರ್ಡಿನಿಂದ ಇಳಿದು ಅವಳ ಕೈಗೆ ಕೊಡಬೇಕು.